ಸರ್ಜರಿ ಆಗಿ ಹತ್ತು ತಿಂಗಳು, ಸಂಜೆಯಾದ್ರೆ ಕಾರ್ಬ್ ಚಪಲ: ಇದು ಹಸಿವಾ, ಅಭ್ಯಾಸವಾ, ಬೇರೇನಾದ್ರೂನಾ?

#1 ಮೂರು_ತುತ್ತು
ಸ್ಲೀವ್ (ತೂಕ ಇಳಿಸೋಕೆ ಜಠರದ ಬಹುಪಾಲು ಕತ್ತರಿಸಿ ತೆಗೆಯೋ ಸರ್ಜರಿ) ಆದವರ ಹತ್ತನೇ ತಿಂಗಳ ಗೋಳು ಇದು. ಮೊದಲ ಆರು ತಿಂಗಳು ಬಾಯಿ ಕಟ್ಟೋದು ಸಲೀಸು, ಅನ್ನ-ಬ್ರೆಡ್ಡಿನ ನೆನಪೇ ಬರಲ್ಲ. ಆಮೇಲೆ ಸಂಜೆ ನಾಲ್ಕಾದ್ರೆ ಸಾಕು, ಬಿಸ್ಕತ್ತು, ಚಿಪ್ಸ್, ಏನಾದ್ರೂ ಸಿಹಿ ಬೇಕೇ ಬೇಕು. ರಾತ್ರಿ ಹತ್ತರವರೆಗೂ ಇದೇ ಕಾಟ. ವಿವರ ಕೇಳ್ತೀರಿ ಅಂತ ಮೊದಲೇ ಬರೀತೀನಿ: ದಿನದ ಪ್ರೋಟೀನ್ ಸುಮಾರು 45 ಗ್ರಾಂ, ನೀರು ಒಂದು ಲೀಟರ್, ಬೆಳಗ್ಗೆ ಬರೀ ಕಾಫಿ, ಮಲ್ಟಿವಿಟಮಿನ್ ನೆನಪಾದಾಗ. ಕಾರ್ಬ್ (ಅನ್ನ, ಬ್ರೆಡ್, ಸಿಹಿಯಲ್ಲಿರೋ ಪಿಷ್ಟ-ಸಕ್ಕರೆ) ಪೂರ್ತಿ ಬಿಡಬೇಕಾ, ಅಳೆದು ತಿನ್ನಬೇಕಾ? ಜಠರದ ಮುಕ್ಕಾಲು ಭಾಗ ತೆಗೆದ ಮೇಲೂ ಈ ಆಸೆ ಎಲ್ಲಿಂದ ಬರುತ್ತೆ?

#2 ನೇರ_ಮಾತು
"ಮಲ್ಟಿವಿಟಮಿನ್ ನೆನಪಾದಾಗ." ಅರ್ಧ ಉತ್ತರ ಅಲ್ಲೇ ಇದೆ ನೋಡಿ.

#3 ಅಳತೆ_ಚಮಚ
ಎರಡನೇ ಪ್ರಶ್ನೆ ಮೊದಲು. ಸ್ಲೀವ್‌ನಲ್ಲಿ ತೆಗೆಯೋ ಭಾಗದಲ್ಲೇ ಗ್ರೆಲಿನ್ ಅನ್ನೋ ಹಸಿವಿನ ಹಾರ್ಮೋನು ಹೆಚ್ಚು ತಯಾರಾಗೋದು. ಅದಕ್ಕೇ ಶುರುವಿನಲ್ಲಿ ಹೊಟ್ಟೆ ಸದ್ದಿಲ್ಲದೆ ಇರುತ್ತೆ. ಆದ್ರೆ ಹಸಿವು ನಡೆಸೋದು ಗ್ರೆಲಿನ್ ಒಂದೇ ಅಲ್ಲ. ಕೊಬ್ಬು ಕರಗಿದಷ್ಟೂ ಲೆಪ್ಟಿನ್ (ಕೊಬ್ಬಿನಿಂದ ಬಂದು ಹಸಿವು ತಗ್ಗಿಸೋ ಹಾರ್ಮೋನು) ಇಳಿಯುತ್ತೆ, "ದಾಸ್ತಾನು ಖಾಲಿ ಆಗ್ತಿದೆ, ತುಂಬಿಸು" ಅಂತ ಮೆದುಳು ಗಲಾಟೆ ಶುರು ಮಾಡುತ್ತೆ. ಮೊದಲ ತಿಂಗಳುಗಳಲ್ಲಿ ಬದಲಾಗಿದ್ದ ನಾಲಿಗೆ ರುಚಿಯೂ ಅಷ್ಟರಲ್ಲಿ ವಾಪಸ್ ಬಂದಿರುತ್ತೆ. ಹಾಗಾಗಿ ಎಂಟು, ಹತ್ತು, ಹನ್ನೆರಡನೇ ತಿಂಗಳಲ್ಲಿ ಚಪಲ ತಲೆ ಎತ್ತೋದು ಸರ್ಜರಿ ಕೆಟ್ಟಿದೆ ಅಂತಲ್ಲ.

ಈಗ ನಿಮ್ಮ ಲೆಕ್ಕ. ಬೆಳಗ್ಗೆ ಕಾಫಿ ಮಾತ್ರ ಅಂದ್ರೆ ಮಧ್ಯಾಹ್ನದವರೆಗೆ ಪ್ರೋಟೀನ್ ಸೊನ್ನೆ. ಸಾಮಾನ್ಯವಾಗಿ ಹೇಳೋ ಕನಿಷ್ಠ ದಿನಕ್ಕೆ 60 ಗ್ರಾಂ, ಹೆಚ್ಚಿನವರಿಗೆ 60-80. ನೀವು 15 ಗ್ರಾಂ ಸಾಲದಲ್ಲಿ ಇದ್ದೀರಿ, ಆ ಸಾಲ ವಸೂಲಿಗೆ ಸಂಜೆ ಬಂದು ಬಾಗಿಲು ಬಡಿಯುತ್ತೆ. ಹೀಗೆ ಹಂಚಿ ನೋಡಿ:

ಬೆಳಗ್ಗೆ ಎದ್ದ ಒಂದು ಗಂಟೆಯೊಳಗೆ ಎರಡು ಮೊಟ್ಟೆ, 12 ಗ್ರಾಂ.
ಮಧ್ಯಾಹ್ನ ಬೇಯಿಸಿದ ಕೋಳಿ ಅಥವಾ ಮೀನು 80 ಗ್ರಾಂ, ಸುಮಾರು 20.
ಮಧ್ಯಾಹ್ನ ಮೂರೂವರೆಗೆ ಬಟ್ಟೆಯಲ್ಲಿ ಸೋಸಿದ ಗಟ್ಟಿ ಮೊಸರು 150 ಗ್ರಾಂ, ಸುಮಾರು 14-15.
ರಾತ್ರಿ ಮೀನು ಅಥವಾ ಗಟ್ಟಿ ಟೋಫು, ಜೊತೆಗೆ ಎರಡು ಚಮಚ ಬೆಂದ ಬೇಳೆ, 16-18.

ಮೂರೂವರೆ ಅನ್ನೋದನ್ನ ಗಮನಿಸಿ. ಚಪಲ ನಾಲ್ಕಕ್ಕೆ ಬರುತ್ತೆ ಅಂದ್ರೆ ತಿಂಡಿ ಅದಕ್ಕಿಂತ ಮುಂಚೆ ಹೋಗಬೇಕು. ಬಂದ ಮೇಲೆ ಮೊಸರು ತೋರಿಸಿದ್ರೆ ಅದು ಒಪ್ಪಲ್ಲ.

#4 ಕಟ್ಟುನಿಟ್ಟು
ಇಷ್ಟೆಲ್ಲ ಲೆಕ್ಕ ಯಾಕೆ? ದಿನಕ್ಕೆ 20 ಗ್ರಾಂ ಕಾರ್ಬ್, ಮುಗೀತು. ಎರಡು ವಾರದಲ್ಲಿ ಚಪಲ ಸತ್ತು ಹೋಗುತ್ತೆ. ಕುಡುಕನಿಗೆ ದಿನಾ ಒಂದು ಗುಟುಕು ಕೊಟ್ಟು ಬಿಡಿಸ್ತೀರಾ?

#5 ಬೇರಿನಿಂದ
@ಕಟ್ಟುನಿಟ್ಟು ಸ್ವಾಮಿ, ಹೆಂಡ ಬಿಟ್ಟು ಬದುಕಬಹುದು, ಊಟ ಬಿಟ್ಟು ಹೇಗೆ? 20 ಗ್ರಾಂ ಒಳಗೆ ಅಂದ್ರೆ ಬೇಳೆ, ಹಣ್ಣು ಎಲ್ಲ ಹೊರಗೆ. ನಾರು ಹೋಯ್ತು, ನೀರು ಮೊದಲೇ ಒಂದು ಲೀಟರ್, ಮಲಬದ್ಧತೆ ಖಾತ್ರಿ. ಬೈಪಾಸ್ (ಹೃದಯದ್ದಲ್ಲ, ಜಠರ ಸಣ್ಣ ಮಾಡಿ ಕರುಳಿನ ಮೊದಲ ಭಾಗ ಬಿಟ್ಟು ಜೋಡಿಸೋ ತೂಕದ ಸರ್ಜರಿ) ಆದವರಿಗೆ ಇನ್ನೊಂದು ತಾಪತ್ರಯ: ಕೊಬ್ಬು ಪೂರ್ತಿ ಜೀರ್ಣ ಆಗದೆ ಉಳಿದದ್ದು ಕರುಳಿನಲ್ಲಿ ಕ್ಯಾಲ್ಸಿಯಮ್ಮನ್ನ ಹಿಡಿದುಕೊಳ್ಳುತ್ತೆ, ಒಂಟಿಯಾದ ಆಕ್ಸಲೇಟ್ (ಬಾದಾಮಿಯಂಥ ಆಹಾರದಲ್ಲಿರೋ ಅಂಶ) ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗುತ್ತೆ. ಅಂಥವರು ನೀರು ಕಮ್ಮಿ ಕುಡಿದು, ಬೆಣ್ಣೆ-ಬಾದಾಮಿ ಜಾಸ್ತಿ ತಿಂದು ಕೀಟೋ (ಕಾರ್ಬ್ ಕಡಿದು ಕೊಬ್ಬು ಹೆಚ್ಚಿಸೋ ಪಥ್ಯ) ಮಾಡಿದ್ರೆ ಕಲ್ಲಿಗೆ ತಾವೇ ಅಡಿಪಾಯ ಹಾಕಿಕೊಟ್ಟ ಹಾಗೆ.

#6 ಮಾತ್ರೆ_ಡಬ್ಬಿ
#5ಕ್ಕೆ ಒಂದು ಸೇರ್ಪಡೆ. ಡಯಾಬಿಟಿಸ್‌ಗೆ ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಥರದ "ಫ್ಲೋಜಿನ್" ಮಾತ್ರೆ ತಗೊಳ್ಳೋರು ಇದ್ದಕ್ಕಿದ್ದಂತೆ ಕಾರ್ಬ್ ಕಡಿದ್ರೆ ಕೀಟೋ ಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರೋ ಅಪಾಯ) ಆಗಬಹುದು. ಮೋಸ ಏನಂದ್ರೆ ಆಗ ಶುಗರ್ ರೀಡಿಂಗ್ ಅಷ್ಟೇನೂ ಹೆಚ್ಚಿರಲ್ಲ, ಮನೆಯಲ್ಲಿ ಗೊತ್ತೇ ಆಗಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಬಂದ್ರೆ ತಡ ಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು.

#7 ಕಟ್ಟುನಿಟ್ಟು
ಸರಿ, ಮಾತ್ರೆಯವರನ್ನ ಬಿಡಿ. ಬಿಸ್ಕತ್ತು ಮಾತ್ರ ಅಳೆದು ತಿಂದವರನ್ನ ನಾನು ನಂಬಲ್ಲ.

#8 ಅಳತೆ_ಚಮಚ
ಅದು ಒಪ್ಪಿದೆ. ಬಿಸ್ಕತ್ತು ಬೇರೆ, ಬೇಳೆ ಬೇರೆ. ಎರಡನ್ನೂ "ಕಾರ್ಬ್" ಅಂತ ಒಂದೇ ಚೀಲಕ್ಕೆ ತುರುಕೋದೇ ತಪ್ಪು.

#9 ಗಡಿಯಾರ
ಎಲ್ಲರೂ ಏನು ತಿನ್ನಬೇಕು ಅಂತಿದ್ದೀರಿ. ನನ್ನ ಪ್ರಶ್ನೆ, ಚಪಲ ಊಟ ಆದ ಎಷ್ಟು ಹೊತ್ತಿಗೆ ಬರುತ್ತೆ? ಒಂದು ವಾರ ಚೀಟಿಯಲ್ಲಿ ಬರೀರಿ: ತಿಂದ ಸಮಯ, ತಿಂದದ್ದು, ಚಪಲ ಬಂದ ಸಮಯ, ಜೊತೆಗೆ ಮೈಯಲ್ಲಿ ಏನಾಯ್ತು.

ತಿಂದ 1ರಿಂದ 3 ಗಂಟೆ ಬಿಟ್ಟು ಬೆವರು, ಕೈ ನಡುಕ, ಎದೆ ಡವಡವ, ತಲೆ ಮಂಕು, ಆಮೇಲೆ "ಈಗಲೇ ಸಿಹಿ ಬೇಕು" ಅನ್ನಿಸಿದ್ರೆ ಅದು ಮನೋಬಲದ ವಿಷಯವೇ ಅಲ್ಲ, ಲೇಟ್ ಡಂಪಿಂಗ್. ಸಕ್ಕರೆ ಬೇಗ ಕರುಳಿಗೆ ಇಳಿಯುತ್ತೆ, ರಕ್ತದ ಗ್ಲೂಕೋಸ್ ಮೇಲಕ್ಕೆ ಹಾರುತ್ತೆ, ಕರುಳಿನ ಹಾರ್ಮೋನು ಜಿಎಲ್‌ಪಿ-1 ಸೇರಿಕೊಂಡು ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಸುರಿಯುತ್ತೆ, ಗ್ಲೂಕೋಸ್ ಧೊಪ್ಪಂತ ಬೀಳುತ್ತೆ. ಬಿದ್ದಾಗ ಮೆದುಳು ಸಿಹಿ ಕೇಳುತ್ತೆ. ಕೊಟ್ರೆ ಮತ್ತೆ ಏರುತ್ತೆ, ಮತ್ತೆ ಬೀಳುತ್ತೆ. ಗಾಣದ ಎತ್ತು.

ಮಧ್ಯಾಹ್ನ ಒಂದೂವರೆಗೆ ಬ್ರೆಡ್, ಜ್ಯೂಸ್ ತಗೊಂಡವರಿಗೆ ನಾಲ್ಕಕ್ಕೆ ಚಪಲ ಬಂದ್ರೆ ತಪ್ಪು ಹುಡುಕಬೇಕಾದ್ದು ಮಧ್ಯಾಹ್ನದ ಊಟದಲ್ಲಿ. ಸಂಜೆಯಲ್ಲಲ್ಲ.

#10 ಹೊಸಬ್ರು
ಡಂಪಿಂಗ್ ಬೈಪಾಸ್ ಆದವರಿಗೆ ಮಾತ್ರ ಅಲ್ವಾ? ಪ್ರಶ್ನೆ ಸ್ಲೀವ್‌ದು.

#11 ಗಡಿಯಾರ
ಬೈಪಾಸ್‌ನಲ್ಲಿ ಜಾಸ್ತಿ, ಸ್ಲೀವ್‌ನಲ್ಲೂ ಉಂಟು. ಸ್ಲೀವ್‌ನಲ್ಲಿ ಜಠರದ ಕೊನೆಯ ಪೈಲೋರಸ್ ಬಾಗಿಲು ಉಳಿದ್ರೂ ಕೊಳವೆಯಂತಾದ ಜಠರದೊಳಗಿನ ಒತ್ತಡಕ್ಕೆ ಊಟ ಬೇಗ ಖಾಲಿ ಆಗುತ್ತೆ. ತಿಂದ 10-30 ನಿಮಿಷಕ್ಕೇ ಹೊಟ್ಟೆ ಹಿಂಡಿ, ಭೇದಿ, ಎದೆಬಡಿತ ಬಂದ್ರೆ ಅದು ಅರ್ಲಿ ಡಂಪಿಂಗ್, ಕಾರಣ ಬೇರೆ: ಗಾಢ ಸಕ್ಕರೆ ದ್ರಾವಣ ಕರುಳಿಗೆ ನೀರು ಎಳೆಯುತ್ತೆ. ಎರಡನ್ನೂ ಬೆರೆಸಬೇಡಿ, ಅರ್ಲಿಗೆ ಸಿಹಿ ಕೊಟ್ರೆ ಇನ್ನೂ ಹದಗೆಡುತ್ತೆ.

#12 ಮಾತ್ರೆ_ಡಬ್ಬಿ
ಅನುಮಾನ ಇದ್ರೆ ಆ ಕ್ಷಣದಲ್ಲೇ ಗ್ಲೂಕೋಮೀಟರ್‌ನಲ್ಲಿ ಬೆರಳು ಚುಚ್ಚಿ ನೋಡಿ, ಅರ್ಧ ಗಂಟೆ ಆದ ಮೇಲಲ್ಲ. 70 ಮಿ.ಗ್ರಾಂ/ಡಿಎಲ್‌ಗಿಂತ ಕೆಳಗೆ ಎಚ್ಚರಿಕೆ, 54ಕ್ಕಿಂತ ಕೆಳಗೆ ಗಂಭೀರ. ಆಗ 15 ಗ್ರಾಂ ಗ್ಲೂಕೋಸ್, 15 ನಿಮಿಷ ಕಾಯೋದು, ಮತ್ತೆ ಚುಚ್ಚಿ ನೋಡೋದು. ಏರಿದ ಮೇಲೆ ಒಂದು ಮೊಟ್ಟೆನೋ ಚೀಸ್ ತುಂಡೋ ತಿನ್ನಲೇಬೇಕು, ಇಲ್ಲದಿದ್ರೆ ಮರುಕುಸಿತ. ಲೋಟದ ತುಂಬ ಜ್ಯೂಸ್ ಕುಡಿಯೋದು ಎಲ್ಲರೂ ಮಾಡೋ ತಪ್ಪು, 15 ಗ್ರಾಂ ಬೇಕಾದ ಕಡೆ 30 ಹೋಗುತ್ತೆ. ರೀಡಿಂಗ್ ಸರಿಯಾಗುವವರೆಗೆ ಗಾಡಿ ಓಡಿಸಬೇಡಿ.

ಡಾಕ್ಟರು ಅಕಾರ್ಬೋಸ್ ಕೊಟ್ಟಿದ್ರೆ ಇನ್ನೊಂದು ಮುಖ್ಯ ವಿಷಯ: ಆ ಮಾತ್ರೆ ಸಕ್ಕರೆ ಒಡೆಯೋ ಕಿಣ್ವವನ್ನೇ ತಡೆಯುತ್ತೆ. ಶುಗರ್ ಬಿದ್ದಾಗ ಅಡುಗೆಮನೆ ಸಕ್ಕರೆ ತಿಂದ್ರೆ ಕೆಲಸ ನಿಧಾನ. ಗ್ಲೂಕೋಸ್ ಮಾತ್ರೆ ಅಥವಾ ಪುಡಿಯೇ ಬೇಕು.

#13 ಬೇರಿನಿಂದ
ಮತ್ತೆ, ಲ್ಯಾಬಿನಲ್ಲಿ "ಗ್ಲೂಕೋಸ್ ನೀರು ಕುಡೀರಿ, ಎರಡು ಗಂಟೆ ಆದ ಮೇಲೆ ರಕ್ತ ಕೊಡಿ" ಅಂದ್ರೆ ಸರ್ಜರಿ ಆಗಿದೆ ಅಂತ ಮೊದಲೇ ಹೇಳಿ. ಬೈಪಾಸ್ ಆದವರಿಗೆ ಆ ಪರೀಕ್ಷೆಯೇ ಡಂಪಿಂಗ್ ತರಿಸುತ್ತೆ. ಗರ್ಭಿಣಿಯರಿಗೂ ಅದರ ಬದಲು 24-28ನೇ ವಾರದಲ್ಲಿ ಒಂದು ವಾರ ಮನೆಯಲ್ಲೇ ಬೆರಳು ಚುಚ್ಚಿ ನೋಡೋ ಕ್ರಮ ಇದೆ.

#14 ಮೂರು_ತುತ್ತು
ನಡುಕ-ಬೆವರು ಏನೂ ಇಲ್ಲ. ಆದ್ರೆ ಐಸ್ ಕಟುಂ ಕಟುಂ ಅಗಿಯೋದು, ಹಸಿ ಅಕ್ಕಿ ಬಾಯಿಗೆ ಹಾಕೋದು ಜಾಸ್ತಿ ಆಗಿದೆ. ಅದೂ ಕಾರ್ಬ್ ಚಪಲದ ಲೆಕ್ಕಕ್ಕೇ ಬರುತ್ತಾ?

#15 ನೇರ_ಮಾತು
ಇದನ್ನ ಮೊದಲ ಪೋಸ್ಟಲ್ಲೇ ಹೇಳಬಾರದಾ!

#16 ರಕ್ತ_ಪರೀಕ್ಷೆ
ಹಸಿ ಅಕ್ಕಿ, ಐಸ್, ಕಾರ್ನ್‌ಫ್ಲೋರ್, ಸೀಮೆಸುಣ್ಣ, ಮಣ್ಣು. ಈ ಪಟ್ಟಿಯಲ್ಲಿ ಯಾವುದು ಬೇಕು ಅನ್ನಿಸಿದ್ರೂ ಮೊದಲು ನೋಡಬೇಕಾದ್ದು ಕಬ್ಬಿಣ. ಇದಕ್ಕೆ ಪೈಕಾ ಅಂತಾರೆ. ಸರ್ಜರಿ ನಂತರ ಆಮ್ಲ ಕಮ್ಮಿ, ಕೆಂಪು ಮಾಂಸ ಕಮ್ಮಿ, ಬೈಪಾಸ್ ಆದ್ರೆ ಕಬ್ಬಿಣ ಹೀರೋ ಡ್ಯೂವೊಡಿನಮ್ಮೇ (ಸಣ್ಣ ಕರುಳಿನ ಮೊದಲ ಭಾಗ) ದಾರಿಯಿಂದ ಹೊರಗೆ. ಮುಟ್ಟಾಗೋ ಹೆಂಗಸರಿಗಂತೂ ಕೊರತೆ ಬೇಗ ಬರುತ್ತೆ.

ಹೀಮೋಗ್ಲೋಬಿನ್ ಸರಿ ಇದೆ ಅಂತ ಸುಮ್ಮನಾಗಬೇಡಿ, ಅದು ಕೊನೆಗೆ ಇಳಿಯೋದು. ಫೆರಿಟಿನ್ (ಕಬ್ಬಿಣದ ದಾಸ್ತಾನು), ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಓಡಾಡೋ ಕಬ್ಬಿಣದ ಪ್ರಮಾಣ) ಎರಡನ್ನೂ ಕೇಳಿ. ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳು ಏರಿಕೆ ತೋರಿಸುತ್ತೆ, ಅದಕ್ಕೇ ಎರಡೂ ಬೇಕು. ಸ್ಲೀವ್ ಮತ್ತು ಬೈಪಾಸ್ ಆದವರಿಗೆ ಕೊರತೆ ಬರದಿರಲಿ ಅಂತಲೇ ಎಲ್ಲ ಮೂಲದಿಂದ ದಿನಕ್ಕೆ 45-60 ಮಿ.ಗ್ರಾಂ ಕಬ್ಬಿಣ ಹೇಳ್ತಾರೆ. ಕೊರತೆ ಬಂದಿದ್ರೆ ಡೋಸ್ ಇನ್ನೂ ಜಾಸ್ತಿ, ಮಾತ್ರೆ ಹತ್ತದಿದ್ರೆ ಡ್ರಿಪ್. ಕ್ಯಾಲ್ಸಿಯಮ್ ಮಾತ್ರೆಗೂ ಕಬ್ಬಿಣಕ್ಕೂ ಕನಿಷ್ಠ ಎರಡು ಗಂಟೆ ಅಂತರ, ಕಾಫಿ-ಟೀ ಜೊತೆ ಬೇಡವೇ ಬೇಡ. ಕಬ್ಬಿಣ ಮೈಗೆ ಹತ್ತಿದ್ರೆ ಐಸ್ ಹುಚ್ಚು ಕೆಲವೇ ವಾರಗಳಲ್ಲಿ ಬಿಡುತ್ತೆ, ಹೀಮೋಗ್ಲೋಬಿನ್ ಏರೋದಕ್ಕೂ ಮುಂಚೆ.

#17 ಮೂರು_ತುತ್ತು
ಬೆಳಗಿನ ಕಾಫಿ ಜೊತೆಗೇ ಅಲ್ವಾ ಎಲ್ಲ ಮಾತ್ರೆ ನುಂಗ್ತಿರೋದು... ನೆನಪಾದಾಗ.

#18 ರಕ್ತ_ಪರೀಕ್ಷೆ
😑

#19 ಒಂದೇ_ಏಟು
ಐದು ದಿನ ಪೌಚ್ (ಸರ್ಜರಿ ಆದ ಸಣ್ಣ ಜಠರ) ರೀಸೆಟ್ ಮಾಡಿ. ಎರಡು ದಿನ ಬರೀ ದ್ರವ, ಆಮೇಲೆ ಮೆತ್ತಗಿನ ಆಹಾರ. ಹಿಗ್ಗಿದ ಹೊಟ್ಟೆ ಮತ್ತೆ ಕುಗ್ಗುತ್ತೆ, ಚಪಲ ಮಾಯ.

#20 ಬೇರಿನಿಂದ
ಕುಗ್ಗಲ್ಲ. ಜಠರ ಬಲೂನಲ್ಲ, ಐದು ದಿನ ಗಾಳಿ ಬಿಟ್ರೆ ಸಣ್ಣ ಆಗೋಕೆ. ಆ ಐದು ದಿನದಲ್ಲಿ ಇಳಿಯೋ ತೂಕದ ಬಹುಪಾಲು ನೀರು, ಗ್ಲೈಕೋಜನ್ (ಮೈಯಲ್ಲಿ ಕೂಡಿಟ್ಟ ಗ್ಲೂಕೋಸ್). ಆರನೇ ದಿನಕ್ಕೆ ವಾಪಸ್. ಬಿಸ್ಕತ್ತು ಐದು ದಿನ ಮನೆಯಿಂದ ಆಚೆ ಇತ್ತು ಅನ್ನೋದೊಂದೇ ಲಾಭ, ಅದಕ್ಕೆ ಸೂಪ್ ಕುಡಿದು ಸೊರಗಬೇಕಿಲ್ಲ.

#21 ಮಾತ್ರೆ_ಡಬ್ಬಿ
ಪದೇ ಪದೇ ವಾಂತಿ ಆಗ್ತಿರೋರು ಈ ದ್ರವದ ಆಟಕ್ಕೆ ಇಳಿಯಲೇಬೇಡಿ. ಮೈಯಲ್ಲಿ ಥಯಾಮಿನ್ (ವಿಟಮಿನ್ ಬಿ1) ದಾಸ್ತಾನು ಇರೋದು ಎರಡು-ಮೂರು ವಾರಕ್ಕೆ ಮಾತ್ರ. ಅದು ಖಾಲಿ ಆದ ಮೇಲೆ ಸಿಹಿ ನೀರು ಕುಡಿದ್ರೂ ಗ್ಲೂಕೋಸ್ ಡ್ರಿಪ್ ಹಾಕಿದ್ರೂ ಮೆದುಳಿಗೆ ಪೆಟ್ಟು ಬೀಳಬಹುದು. ಎರಡೆರಡು ಕಾಣೋದು, ನಡೆಯುವಾಗ ಓಲಾಡೋದು, ಗೊಂದಲ, ಇವು ಕಂಡ್ರೆ ಅದೇ ಹೊತ್ತಿಗೆ ಆಸ್ಪತ್ರೆ. ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್.

#22 ಜಾರುಬಂಡೆ
ಬಿಸ್ಕತ್ತೇ ಯಾಕೆ, ಮೀನು ಯಾಕಲ್ಲ ಅನ್ನೋದಕ್ಕೆ ಸರಳ ಕಾರಣ ಇದೆ. ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್ ಇವೆಲ್ಲ ಜಾರುವ ತಿಂಡಿ. ಬಾಯಲ್ಲೇ ಗಂಜಿ ಆಗುತ್ತೆ, ಸಣ್ಣ ಜಠರದಲ್ಲಿ ನಿಲ್ಲದೆ ಸರ್ರಂತ ಇಳಿಯುತ್ತೆ. ಟೀಯಲ್ಲಿ ಅದ್ದಿ ತಿಂದ್ರೆ ಇನ್ನೂ ಸಲೀಸು. 80 ಗ್ರಾಂ ಕೋಳಿಗೆ ಸಾಕಾಗೋ ಹೊಟ್ಟೆಗೆ ಇಡೀ ಬಿಸ್ಕತ್ತು ಪೊಟ್ಟಣ ಇಳಿದ್ರೂ ತುಂಬಿದ ಸೂಚನೆ ಬರಲ್ಲ. ಊಟಕ್ಕೆ ನೀರು ಸೇರಿಸಿದ್ರೂ ಇದೇ ಕಥೆ, ಊಟ ಆಗಿ ಅರ್ಧ ಗಂಟೆ ನೀರು ಬೇಡ ಅನ್ನೋದು ಅದಕ್ಕೇ.

ಒಣಗಿದ್ದು, ಗಟ್ಟಿ, ಅಗಿಯಬೇಕಾದ್ದು ಮೊದಲು. ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದ್ರೆ ಕೊನೆಗೆ ಅನ್ನ ಎರಡು ಚಮಚ. ಕ್ರಮ ಬದಲಾಯಿಸಿದ್ರೆ ಅದೇ ಊಟಕ್ಕೇ ಗ್ಲೂಕೋಸ್ ಏರಿಕೆ ಬೇರೆ ಥರ ಇರುತ್ತೆ.

#23 ಲೇಬಲ್_ಓದುಗ
"ಶುಗರ್ ಫ್ರೀ" ಬಿಸ್ಕತ್ತು ತಗೋಬಹುದು ಅಂತ ಯಾರಾದ್ರೂ ಹೇಳೋ ಮೊದಲೇ ಬರೀತೀನಿ. ಪೊಟ್ಟಣ ತಿರುಗಿಸಿ. ಮಾಲ್ಟೋಡೆಕ್ಸ್‌ಟ್ರಿನ್ ಅಂತ ಇದ್ರೆ ಅದು ಹೆಸರಿಗೆ ಸಕ್ಕರೆ ಅಲ್ಲ, ರಕ್ತಕ್ಕೆ ಸಕ್ಕರೆಗಿಂತ ಏನೂ ಕಮ್ಮಿ ಅಲ್ಲ. ಮಾಲ್ಟಿಟಾಲ್, ಸಾರ್ಬಿಟಾಲ್ ಇದ್ರೆ ಗ್ಯಾಸು, ಭೇದಿ. ಮೈದಾ ಹೇಗೂ ಮೈದಾನೇ. ನೋಡಬೇಕಾದ ಸಾಲು "ಒಟ್ಟು ಕಾರ್ಬೋಹೈಡ್ರೇಟ್", "ಸಕ್ಕರೆ" ಸಾಲಲ್ಲ.

ಅಂದಾಜಿಗೆ: ಬೆಂದ ಅನ್ನ 100 ಗ್ರಾಂಗೆ 28 ಗ್ರಾಂ ಕಾರ್ಬ್, ಬ್ರೆಡ್ ಒಂದು ಹೋಳಿಗೆ 12-15, ಮಧ್ಯಮ ಸೇಬಿಗೆ ಸುಮಾರು 25, ಒಂದು ಲೋಟ (240 ಮಿ.ಲೀ) ಹಾಲಿಗೆ 12. ಶುಗರ್ ಬೀಳೋರಿಗೆ ಊಟಕ್ಕೆ 30 ಗ್ರಾಂ, ತಿಂಡಿಗೆ 15 ಗ್ರಾಂ ಮಿತಿ ಅಂತ ಪಥ್ಯ ತಜ್ಞರು ಹೇಳ್ತಾರೆ. ಚಪಲದವರಿಗೂ ಅದೇ ಅಳತೆ ಸಾಕು.

#24 ಹೊಸಬ್ರು
ಮಾಂಸ ತಿನ್ನದವರು ಬೇಳೆಯಲ್ಲೇ 60 ಗ್ರಾಂ ಮುಟ್ಟಬಹುದಾ?

#25 ಲೇಬಲ್_ಓದುಗ
ಬೆಂದ ಬೇಳೆ 100 ಗ್ರಾಂಗೆ 9 ಗ್ರಾಂ ಪ್ರೋಟೀನ್, 20 ಗ್ರಾಂ ಕಾರ್ಬ್. 60 ಮುಟ್ಟಬೇಕು ಅಂದ್ರೆ ಸುಮಾರು 670 ಗ್ರಾಂ ಬೇಳೆ. ಈ ಹೊಟ್ಟೆಗೆ ಇಳಿಯುತ್ತಾ? ಸೋಸಿದ ಮೊಸರು, ಟೋಫು, ಮೊಟ್ಟೆ ಆಗೋದಾದ್ರೆ ಮೊಟ್ಟೆ, ಉಳಿದದ್ದಕ್ಕೆ ಪ್ರೋಟೀನ್ ಪುಡಿ. ಬೇಳೆ ಬಿಡಬೇಡಿ, ನಾರಿಗೆ ಬೇಕು. ಪ್ರೋಟೀನ್ ಖಾತೆಗೆ ಅದೊಂದನ್ನೇ ನಂಬಬೇಡಿ ಅಷ್ಟೇ.

#26 ಒಂದೇ_ಏಟು
ಪುಡಿ ವಾಸನೆ ಯಾರಿಗೆ ಸೇರುತ್ತೆ. ಬಿಸಿ ಸೂಪಿಗೆ ಹಾಕಿದ್ರೆ ಒಡೆದ ಹಾಲಿನ ಥರ ಗಂಟು ಗಂಟು.

#27 ಅಳತೆ_ಚಮಚ
ಕುದಿಯೋ ಸೂಪಿಗೆ ಹಾಕಿದ್ರೆ ಇನ್ನೇನಾಗುತ್ತೆ. ವೇ (ಹಾಲೊಡಕಿನ) ಪ್ರೋಟೀನ್ ಬಿಸಿಗೆ ಹೆಪ್ಪುಗಟ್ಟುತ್ತೆ, ಮೊಟ್ಟೆ ಬಿಳಿ ಗಟ್ಟಿಯಾದ ಹಾಗೆ. ರುಚಿ ಸೇರಿಸದ ಪುಡಿಯನ್ನ ಮೊದಲು ನಾಲ್ಕು ಚಮಚ ತಣ್ಣನೆ ನೀರಲ್ಲಿ ನಯವಾಗಿ ಕಲಸಿ. ಸೂಪ್ ಒಲೆಯಿಂದ ಇಳಿಸಿ, ಬೆರಳು ಸಹಿಸುವಷ್ಟು ಬಿಸಿಗೆ ಬಂದ ಮೇಲೆ ತಿರುಗಿಸ್ತಾ ಸುರೀರಿ. ಹಾಲು ಹೊಟ್ಟೆಗೆ ಆಗದವರು ಐಸೊಲೇಟ್ ಅನ್ನೋ ಶುದ್ಧೀಕರಿಸಿದ ಪುಡಿ ತಗೊಳ್ಳಿ, ಅದರಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಬಹಳ ಕಮ್ಮಿ.

#28 ಉರಿ_ಎದೆ
ಯಾರೂ ಹೇಳದ ಇನ್ನೊಂದು: ಆಮ್ಲ. ಹೊಟ್ಟೆ ಕಿವುಚಿದ ಹಾಗೆ, ಕೊರೆದ ಹಾಗೆ ಆಗುತ್ತೆ, ಬ್ರೆಡ್ ತಿಂದ್ರೆ ಹತ್ತು ನಿಮಿಷ ಶಾಂತ, ಮತ್ತೆ ಶುರು. ಅದನ್ನ ಹಸಿವು ಅಂದುಕೊಂಡು ದಿನವಿಡೀ ಮೇಯ್ತಾ ಇರೋರು ಎಷ್ಟೋ ಜನ. ಸ್ಲೀವ್‌ನಲ್ಲಿ ರಿಫ್ಲಕ್ಸ್ (ಆಮ್ಲ ಮೇಲಕ್ಕೆ ಬರೋದು) ಮಾಮೂಲು, ಬೈಪಾಸ್‌ನಲ್ಲಿ ಜೋಡಣೆಯ ಜಾಗದಲ್ಲಿ ಹುಣ್ಣು ಆಗಬಹುದು. ಸಿಗರೇಟು, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಇದ್ರೆ ಸಾಧ್ಯತೆ ಇನ್ನೂ ಹೆಚ್ಚು. ಮಲ ಕಪ್ಪಾದ್ರೆ ಕಾಯಬೇಡಿ.

#29 ನೇರ_ಮಾತು
ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತೆ, ಗಾಬರಿ ಬೀಳಿಸಬೇಡಿ.

#30 ಉರಿ_ಎದೆ
ನಿಜ. ಡಾಂಬರಿನ ಹಾಗೆ ಅಂಟು, ಕೆಟ್ಟ ವಾಸನೆ ಇದ್ರೆ ರಕ್ತ. ಬರೀ ಕಪ್ಪಾದ್ರೆ ಕಬ್ಬಿಣ ಇರಬಹುದು. ಗೊತ್ತಾಗದಿದ್ರೆ ತೋರಿಸೋದೇ ಒಳ್ಳೇದು.

#31 ಮಾತ್ರೆ_ಡಬ್ಬಿ
ಬೇರೆ ಮಾತ್ರೆಗಳನ್ನೂ ನೋಡಿ. ಮಾನಸಿಕ ಕಾಯಿಲೆಗೆ ಕೊಡೋ ಮಿರ್ಟಾಜಪಿನ್, ಒಲಾಂಜಪಿನ್ ಹಸಿವು ಕೆರಳಿಸುತ್ತೆ. ತೂಕ ಇಳಿದ ಮೇಲೂ ಹಳೇ ಡೋಸಲ್ಲೇ ಇನ್ಸುಲಿನ್, ಗ್ಲಿಮೆಪಿರೈಡ್ (ಡಯಾಬಿಟಿಸ್ ಮಾತ್ರೆ) ನಡೀತಿದ್ರೆ ಶುಗರ್ ಬಿದ್ದು ಸಿಹಿ ಬೇಕು ಅನ್ನಿಸುತ್ತೆ. ನೀವೇ ನಿಲ್ಲಿಸಬೇಡಿ, ಪಟ್ಟಿ ಹಿಡ್ಕೊಂಡು ಡಾಕ್ಟರ ಹತ್ರ ಹೋಗಿ. ಎಲ್ಲ ಸರಿ ಇದ್ದೂ ತೂಕ ಏರ್ತಿದ್ರೆ ಹಸಿವು ತಗ್ಗಿಸೋ ಸೆಮಾಗ್ಲುಟೈಡ್, ಲಿರಾಗ್ಲುಟೈಡ್ ಸರ್ಜರಿ ಆದವರಿಗೂ ಕೊಡ್ತಾರೆ.

#32 ಕಟ್ಟುನಿಟ್ಟು
ಇಷ್ಟು ಪರೀಕ್ಷೆ ಮಾಡಿಸಿ ಎಲ್ಲ ಸರಿ ಅಂತ ಬಂದ್ರೆ? ಕೊನೆಗೆ ಉಳಿಯೋದು ಬರೀ ಬಾಯಿ ಚಪಲ. ಆಗ?

#33 ಹದಿನೈದು_ನಿಮಿಷ
ಆಗ ಡಬ್ಬಿ ಎಲ್ಲಿದೆ ಅನ್ನೋದು ಮುಖ್ಯ. ಕಣ್ಣೆತ್ತರದಲ್ಲಿ ಇರೋದು ಮೊದಲು ಕೈಗೆ ಬರುತ್ತೆ. ಮನೆಯವರಿಗೆ ಬೇಕಿದ್ರೆ ಒಬ್ಬೊಬ್ಬರ ಪಾಲು ಸಣ್ಣ ಪೊಟ್ಟಣ ಮಾಡಿ, ಕಾಣದ ಡಬ್ಬಿಯಲ್ಲಿ, ಎತ್ತರದ ಕಪಾಟಿನಲ್ಲಿ ಇಡಲಿ. ಚಪಲ ಬಂದಾಗ ಗಡಿಯಾರ ನೋಡಿ 15-20 ನಿಮಿಷ ಮುಂದೂಡಿ, ಒಂದು ಲೋಟ ನೀರು ಗುಟುಕು ಗುಟುಕಾಗಿ. ಅಲೆ ಏರಿ ತಾನೇ ಇಳಿಯುತ್ತೆ. ಇಳಿಯದಿದ್ರೆ "ಎರಡು ಬೇಯಿಸಿದ ಮೊಟ್ಟೆ ಆಗುತ್ತಾ?" ಅಂತ ಕೇಳ್ಕೊಳ್ಳಿ. ಆಗುತ್ತೆ ಅಂದ್ರೆ ಹಸಿವು, ಮೊಟ್ಟೆ ತಿನ್ನಿ. ಬಿಸ್ಕತ್ತೇ ಬೇಕು ಅಂದ್ರೆ ಹಸಿವಲ್ಲ. ತಿನ್ನಲೇಬೇಕು ಅಂದ್ರೆ ಎರಡೇ ಬಿಸ್ಕತ್ತು ತಟ್ಟೆಗೆ ಹಾಕಿ, ಕೂತು, ಒಣಗಿದ್ದನ್ನೇ ಅಗಿದು ತಿನ್ನಿ. ಪೊಟ್ಟಣ ಮೇಜಿಗೆ ಬರಬಾರದು.

ನಿದ್ದೆ ಐದು ಗಂಟೆ ಮಾಡಿ ಮರುದಿನ ಸಂಜೆ ಚಪಲ ಅಂತ ಅಳಬೇಡಿ. ನಿದ್ದೆಗೆಟ್ರೆ ಗ್ರೆಲಿನ್ ಏರುತ್ತೆ, ಲೆಪ್ಟಿನ್ ಇಳಿಯುತ್ತೆ.

ಒಂದೇ ಎಚ್ಚರಿಕೆ: ತಿನ್ನೋದನ್ನ ನಿಲ್ಲಿಸೋಕೇ ಆಗಲ್ಲ, ಬಚ್ಚಿಟ್ಟು ತಿಂತಾರೆ, ತಿಂದ ಮೇಲೆ ತಮ್ಮ ಮೇಲೇ ಅಸಹ್ಯ ಅಂದ್ರೆ ಇದು ಡಬ್ಬಿ ಎತ್ತಿಡೋ ವಿಷಯ ಅಲ್ಲ. ತಿನ್ನುವಿಕೆಯ ತೊಂದರೆಗಳನ್ನ ನೋಡೋ ಮನಶ್ಶಾಸ್ತ್ರಜ್ಞರ ಹತ್ರ ಹೋಗಬೇಕು, ಅದಕ್ಕೆ ಚಿಕಿತ್ಸೆ ಇದೆ. ಸಿಹಿ ಬಿಟ್ಟು ಸಂಜೆ ಒಂದು ಪೆಗ್ ಹಿಡಿದವರೂ ಅಷ್ಟೇ. ಬೈಪಾಸ್ ನಂತರ ಮದ್ಯ ರಕ್ತಕ್ಕೆ ಬೇಗ ಏರುತ್ತೆ, ಮೊದಲಿನ ಅಳತೆ ನಡೆಯಲ್ಲ.

#34 ಕಟ್ಟುನಿಟ್ಟು
ಪೊಟ್ಟಣ ಮೇಜಿಗೆ ಬರಬಾರದು ಅಂದ್ರೆ, ಮನೆಗೇ ಬರಬಾರದು ಅನ್ನೋ ನನ್ನ ಮಾತಿಗೆ ಅರ್ಧ ದಾರಿ ಬಂದ್ರಿ.

#35 ಮೂರು_ತುತ್ತು
ನಾಳೆಯಿಂದ ಹೀಗೆ: ಬೆಳಗ್ಗೆ ಮೊಟ್ಟೆ, ಕಾಫಿ ಅರ್ಧ ಗಂಟೆ ಬಿಟ್ಟು. ಮೂರೂವರೆಗೆ ಸೋಸಿದ ಮೊಸರು. ರಾತ್ರಿ ಮಲಗೋ ಮುಂಚೆ ಕಬ್ಬಿಣ, ಕ್ಯಾಲ್ಸಿಯಮ್ ಬೆಳಗ್ಗೆ-ಮಧ್ಯಾಹ್ನ. ಸೋಮವಾರ ಫೆರಿಟಿನ್. ತಪ್ಪಿದ್ರೆ ಹೇಳಿ.

#36 ರಕ್ತ_ಪರೀಕ್ಷೆ
ಸರಿ ಇದೆ. ಕ್ಯಾಲ್ಸಿಯಮ್ ಸಿಟ್ರೇಟ್ ಆಗಿರಲಿ, ಒಂದು ಸಲಕ್ಕೆ 500-600 ಮಿ.ಗ್ರಾಂ ಮೀರಬಾರದು, ಅದಕ್ಕಿಂತ ಹೆಚ್ಚು ಒಟ್ಟಿಗೆ ಹೀರಲ್ಲ. ಸೋಮವಾರ ಪರೀಕ್ಷೆಗೆ ಮುಂಚೆ ಕಬ್ಬಿಣ ನುಂಗಿ ಹೋಗಬೇಡಿ, ಸೀರಮ್ ಐರನ್ ಸುಳ್ಳು ಏರಿಕೆ ತೋರಿಸುತ್ತೆ. ಹಿಂದಿನ ರಾತ್ರಿ ಬಿಟ್ಟುಬಿಡಿ. ಬಿ12, ವಿಟಮಿನ್ ಡಿ ಅದೇ ರಕ್ತದಲ್ಲಿ ಆಗುತ್ತೆ, ಸೇರಿಸಿ ಬರೆಸಿ.

#37 ಒಂದೇ_ಏಟು
@ಅಳತೆ_ಚಮಚ ತಣ್ಣೀರಲ್ಲಿ ಕಲಸಿ ಹಾಕಿದೆ, ಗಂಟಾಗಲಿಲ್ಲ. ಟೊಮೆಟೊ ಸೂಪಿಗೆ ಹಾಕಿದ್ರೆ ಮಾತ್ರ ಮತ್ತೆ ಒಡೀತು, ಯಾಕೆ?

#38 ಅಳತೆ_ಚಮಚ
ಟೊಮೆಟೊ ಹುಳಿ. ಹುಳಿ, ಬಿಸಿ ಎರಡೂ ಸೇರಿದ್ರೆ ಬೇಗ ಹೆಪ್ಪುಗಟ್ಟುತ್ತೆ. ಕುಂಬಳಕಾಯಿ ಸೂಪಿಗೆ ಹಾಕಿ ನೋಡಿ.